ಡಿಕ್ಕಿಯಲ್ಲಿ ಹೋದ ಹೀಟರು

ಕುವೈತಿನಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ಮರುಭೂಮಿಯಲ್ಲಿ ಎಂಥ ಚಳಿ ಮಾರಾಯ್ತಿ ಎನ್ನುತ್ತಾರೆ. ಹಾಗೆ ನಗುವವರನ್ನು ಜನವರಿಯ ಒಂದು ಬೆಳಿಗ್ಗೆ ಮಹಬೂಲಾದ ಯಾವುದಾದರೂ ಫ್ಲ್ಯಾಟಿನ ಬಚ್ಚಲಿಗೆ ತಳ್ಳಿ, ಟೆರೇಸಿನ ಟ್ಯಾಂಕಿಯ ನೀರನ್ನು ಬೆನ್ನಿಗೆ ಸುರಿದು, ಈಗ ನಗಿ ನೋಡುವ ಎನ್ನಬೇಕು ಎಂದು ಪಾತಕ್ಕ ಹೇಳುತ್ತಿದ್ದಳು. ಹೇಳುವುದಷ್ಟೇ ಅಲ್ಲ, ಕೈಗೆ ಸಿಕ್ಕಿದರೆ ಮಾಡುವವಳೂ ಹೌದು.

ಪಾತಕ್ಕ ಫರಂಗಿಪೇಟೆಯ ಬ್ಯಾರಿ ಹೆಂಗಸು. ಗಂಡ ಎನ್ನುವವನು ಮುಂಬಯಿಗೆ ಹೋದವನು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಬೀಡಿ ಕಟ್ಟಿ ಮಗಳನ್ನು ಸಾಕಿದಳು. ಬೀಡಿ ಸಾಲದಾದಾಗ ಅಜ್ಜಿಯ ಹಿಂದೆ ಬಾಣಂತಿಯರ ಮನೆಗಳಿಗೆ ಹೋಗಿ ಎಣ್ಣೆ ತಿಕ್ಕುವುದು, ನೀರು ಎರೆಯುವುದು ಕಲಿತಳು. ಆಮೇಲೆ ಮನೆಗೆಲಸದ ವೀಸಾದಲ್ಲಿ ಕುವೈತಿಗೆ ಬಂದು ಫಿಂತಾಸಿನ ಒಬ್ಬ ಅರಬಿ ಮುದುಕಿಯ ಮನೆ ಸೇರಿದಳು. ಈಗಲೂ ಅದೇ ಮನೆ, ವೀಸಾಕ್ಕೆ ಜಾಮೀನು ನಿಂತ ಅದೇ ಕಫೀಲ್. ಮುದುಕಿ ರಾತ್ರಿಯೆಲ್ಲ ಟಿ.ವಿ. ನೋಡಿ ಮಧ್ಯಾಹ್ನದ ತನಕ ಮಲಗುವವಳಾದ್ದರಿಂದ ಬೆಳಗಿನ ಹೊತ್ತು ಪಾತಕ್ಕನದೇ. ಆ ಹೊತ್ತಿನಲ್ಲಿ ಅವಳು ಊರಿನ ಬಾಣಂತಿಯರನ್ನು ನೋಡಿಕೊಳ್ಳುತ್ತಿದ್ದಳು. ಬ್ಯಾರಿಗಳು, ಕ್ರಿಶ್ಚಿಯನ್ನರು, ಬಂಟರು, ಯಾರಾದರೂ ಸರಿ. ಅಮ್ಮಂದಿರಿಗೆ ವೀಸಾ ಸಿಗದ ಊರಿನಲ್ಲಿ ಹೆರಿಗೆಯಾದವಳಿಗೆ ಪಾತಕ್ಕನೇ ಅಮ್ಮ.

ಆದರೆ ಬಾಯಿ ಅಮ್ಮನದಲ್ಲ, ಅತ್ತೆಯದು. ಮೆಂತೆ ಗಂಜಿ ಬಿಟ್ಟರೆ ಬೈಗುಳ, ಬರಿಗಾಲಲ್ಲಿ ನೆಲ ಮುಟ್ಟಿದರೆ ಬೈಗುಳ, ಮೊಬೈಲು ಹಿಡಿದರೆ ಇನ್ನೂ ಜೋರು ಬೈಗುಳ. ಸಿಟ್ಟು ನೆತ್ತಿಗೇರಿದರೆ ಅವಳಿಗೆ ತಲೆ ಸಿಡಿಯುತ್ತದೆ, ಮೊಣಕಾಲು ನಡುಗುತ್ತದೆ. ಅದು ಅವಳಿಗೂ ಗೊತ್ತು, ಅವಳ ಬಾಣಂತಿಯರಿಗೂ ಗೊತ್ತು. ಹಣೆಗೆ ಬಟ್ಟೆ ಬಿಗಿದುಕೊಂಡಳೆಂದರೆ ಇವತ್ತು ಯಾರಿಗೋ ಗ್ರಹಚಾರ ಕಾದಿದೆ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ಅವಳ ಕೆಲಸದಲ್ಲಿ ಅವಳಿಗೆ ಅತ್ಯಂತ ಇಷ್ಟವಾದದ್ದು ಕೊನೆಯ ಭಾಗ. ಎಣ್ಣೆ ತಿಕ್ಕಿ, ಮೈ ಕೆಂಪಾಗುವ ಹಾಗೆ ಬಿಸಿನೀರು ಎರೆದು, ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು, ಬೆಚ್ಚಗೆ ಹೊದಿಸಿ ಮಲಗಿಸಿದ ಮೇಲೆ ಬಾಣಂತಿಗೆ ಒಂದು ನಿದ್ದೆ ಬರುತ್ತದೆ. ಕರೆದರೂ ಕೇಳದ ನಿದ್ದೆ. ಪಕ್ಕದಲ್ಲಿ ಮಗುವಿಗೂ ಅದೇ ನಿದ್ದೆ. ಆ ನಿದ್ದೆ ಬಂದರೆ ಬಾಣಂತನ ಸರಿಯಾಯಿತೆಂದು ಅವಳ ಅಜ್ಜಿ ಹೇಳುತ್ತಿದ್ದಳು. ಪಾತಕ್ಕ ಆ ಹೊತ್ತು ಕಾಲು ಚಾಚಿ ಕೂತು ಒಂದು ಎಲೆಯಡಿಕೆ ಹಾಕಿಕೊಂಡು ಇಬ್ಬರನ್ನೂ ನೋಡುತ್ತಿದ್ದಳು. ದಿನದಲ್ಲಿ ಅವಳ ಬಾಯಿ ಮುಚ್ಚಿರುತ್ತಿದ್ದದ್ದು ಆಗ ಮಾತ್ರ.

ಈ ಚಳಿಗಾಲದಲ್ಲಿ ಅವಳ ಬಾಣಂತಿ ಫೆಲ್ಸಿ. ಮಹಬೂಲಾದ ಒಂದು ಎತ್ತರದ ಬಿಲ್ಡಿಂಗಿನಲ್ಲಿ, ಸಮುದ್ರದ ಗಾಳಿ ನೇರ ಬಂದು ಬಡಿಯುವ ಫ್ಲ್ಯಾಟು. ಗಂಡ ಲಿಗೋರಿ ಶುವೈಖಿನ ಒಂದು ಗೋದಾಮಿನಲ್ಲಿ ಸ್ಟೋರ್‌ಕೀಪರ್. ಚೊಚ್ಚಲ ಹೆಣ್ಣು ಮಗು.

ಆ ಬಿಲ್ಡಿಂಗಿನಲ್ಲಿ ಅಲ್ಲಿಯವರೆಗೆ ಕರೆಂಟು ಬಾಡಿಗೆಯಲ್ಲೇ ಸೇರಿತ್ತು. ಗೀಸರು ಎಷ್ಟು ಹೊತ್ತು ಉರಿಯಿತು, ಹೀಟರು ಎಷ್ಟು ಹೊತ್ತು ಉರಿಯಿತು ಎಂದು ಕೇಳುವವರಿರಲಿಲ್ಲ. ಚಳಿ ಶುರುವಾಗುವ ಮುಂಚೆ ಮಾಲೀಕ ಪ್ರತಿ ಫ್ಲ್ಯಾಟಿಗೂ ಒಂದೊಂದು ಸಣ್ಣ ಮೀಟರು ಕೂರಿಸಿದ. ಬಾಡಿಗೆ ಇಳಿಸಿದನೇ? ಇಲ್ಲ. ಬಾಡಿಗೆ ಅದೇ ಇತ್ತು, ಕರೆಂಟು ಬೇರೆ, ಅದಕ್ಕೆ ದರ ಅವನು ಹೇಳಿದ್ದೇ. ವಸೂಲಿಗೆ ಬರುತ್ತಿದ್ದವನು ಮಾಲೀಕನ ಆಫೀಸಿನ ಉಮ್ಮರಬ್ಬ, ಬಂಟ್ವಾಳದವನು, ಪಾತಕ್ಕನ ಪೈಕಿಯೇ. ಮೊದಲ ಬಿಲ್ಲಿಗೇ ಲಿಗೋರಿಯ ಮುಖ ಬಿಳುಚಿಕೊಂಡಿತು. ಎರಡನೆಯದು ಬಂದಾಗ ಅವನಿಗೆ ಹುಚ್ಚೇ ಹಿಡಿಯಿತು. ಗೋಡೆಯ ಸ್ವಿಚ್ಚುಗಳನ್ನು ಎಣಿಸುತ್ತಾ ಮನೆಯೊಳಗೆ ಓಡಾಡತೊಡಗಿದ.

ಪಾತಕ್ಕನ ಹೊಟ್ಟೆ ಉರಿಯುತ್ತಿದ್ದದ್ದು ಇಲ್ಲಿ. ಅವಳು ರಾತ್ರಿ ಮಲಗುವ ಫಿಂತಾಸಿನ ಮನೆಯಲ್ಲಿ ಯಾರೂ ಇಲ್ಲದ ಕೋಣೆಗಳಲ್ಲೂ ಹೀಟರು ಉರಿಯುತ್ತಿತ್ತು. ಮುದುಕಿಯ ಬೆಕ್ಕು ಕಾರ್ಪೆಟ್ಟಿನ ಮೇಲೆ ಮೈ ಚಾಚಿ ಬಿದ್ದಿರುತ್ತಿತ್ತು. ಬಸ್ಸಿನಲ್ಲಿ ಎರಡು ಸ್ಟಾಪು ದಾಟಿ ಇಲ್ಲಿಗೆ ಬಂದರೆ ಹಸಿ ಬಾಣಂತಿ ಎರಡು ಜೊತೆ ಸಾಕ್ಸು ಹಾಕಿ ಗಂಡನ ಜಾಕೆಟ್ಟಿನೊಳಗೆ ನಡುಗುತ್ತಿದ್ದಳು. ಒಂದೇ ದೇಶ, ಒಂದೇ ತಂತಿಯಲ್ಲಿ ಬರುವ ಕರೆಂಟು. ಬೆಕ್ಕಿಗೆ ಉಂಟು, ಬಾಣಂತಿಗೆ ಇಲ್ಲ. ಅದನ್ನು ನೆನೆಸಿಕೊಂಡರೆ ಅವಳಿಗೆ ಬಸ್ಸಿನಲ್ಲೇ ತಲೆ ಸಿಡಿಯಲು ಶುರುವಾಗುತ್ತಿತ್ತು.

ಆ ಭಾನುವಾರ, ಕುವೈತಿನಲ್ಲಿ ವಾರದ ಮೊದಲ ಕೆಲಸದ ದಿನ, ಅವಳು ಬಂದಾಗ ಲಿಗೋರಿ ಕೆಲಸಕ್ಕೆ ಹೋಗಿಯಾಗಿತ್ತು. ಕೋಣೆಗೆ ಕಾಲಿಟ್ಟು ಹೀಟರು ಇರುವ ಮೂಲೆ ನೋಡಿದಳು. ಖಾಲಿ.

"ಹೀಟರ್ ಎಲ್ಲಿ?" ಎಂದಳು.

ಫೆಲ್ಸಿ ಮಗುವಿನ ಟೊಪ್ಪಿ ಸರಿಮಾಡುತ್ತಾ ತಲೆ ಎತ್ತಲಿಲ್ಲ. "ಇವರು ತಗೊಂಡು ಹೋದ್ರು."

"ತಗೊಂಡು ಹೋದ್ರು ಅಂದ್ರೆ? ರಿಪೇರಿಗಾ?"

"ಅಲ್ಲ. ಕಾರಿನ ಡಿಕ್ಕಿಯಲ್ಲಿ ಇಟ್ಕೊಂಡು ಹೋದ್ರು. ಮನೇಲಿದ್ರೆ ನಾನು ಹಾಕ್ತೇನಂತೆ. ಸಂಜೆ ಬರುವಾಗ ತರ್ತೇನೆ ಅಂದ್ರು. ಗೀಸರೂ ಹಾಕ್ಬಾರ್ದಂತೆ, ನೀರು ಗ್ಯಾಸಲ್ಲಿ ಕಾಯಿಸ್ಲಿಕ್ಕೆ ಹೇಳಿದ್ದಾರೆ."

ಪಾತಕ್ಕ ಮತ್ತೊಮ್ಮೆ ಖಾಲಿ ಮೂಲೆ ನೋಡಿದಳು. ಹೆಂಡತಿ ಮಗು ಚಳಿಯಲ್ಲಿ ಮನೆಯಲ್ಲಿರಲಿ, ಹೀಟರು ಮಾತ್ರ ಡಿಕ್ಕಿಯಲ್ಲಿ ಕೂತು ಶುವೈಖಿಗೆ ಸವಾರಿ ಹೋಗಿ ಬರಲಿ. ಇಂಥ ಬುದ್ಧಿ ಮನುಷ್ಯನಿಗೆ ಬರುವುದಾದರೂ ಎಲ್ಲಿಂದ? ಸೆರಗಿನ ತುದಿಯಿಂದ ಹಣೆ ಬಿಗಿದುಕೊಂಡಳು.

"ಅವನು ಬರ್ಲಿ ಇವತ್ತು," ಎಂದಳು. "ಅವನನ್ನೇ ಡಿಕ್ಕಿಯಲ್ಲಿ ಹಾಕ್ತೇನೆ ನಾನು."

"ಅವರಿಗೂ ಟೆನ್ಷನ್ ಪಾತಕ್ಕ," ಎಂದಳು ಫೆಲ್ಸಿ. "ಬಿಲ್ ನೋಡಿ ರಾತ್ರಿ ನಿದ್ದೆ ಮಾಡುದಿಲ್ಲ. ಮುಂದಿನ ತಿಂಗಳು ನಾವು ಶೇರಿಂಗ್ ರೂಮಿಗೆ ಹೋಗುವ ಅಂತಾರೆ."

"ಟೆನ್ಷನ್ ಇದ್ರೆ ಮಾಲೀಕನ ಹತ್ರ ಮಾತಾಡ್ಬೇಕು. ಉಮ್ಮರಬ್ಬನ ಹತ್ರ ಮಾತಾಡ್ಬೇಕು. ಅಲ್ಲಿ ಬಾಯಿ ಇಲ್ಲ. ಹೆರಿಗೆ ಆದವಳ ಹೀಟರ್ ಕದೀಲಿಕ್ಕೆ ಕೈ ಉಂಟು."

ಅಡುಗೆಮನೆಗೆ ಹೋಗಿ ಬಿರಿಯಾನಿಯ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ಇನ್ನೊಂದು ಒಲೆಯ ಮೇಲೆ ಇದ್ದಿಲು ಕೆಂಪಾಗಲು ಹಾಕಿದಳು. ದಿನಾ ಅವಳು ಸಾಂಬ್ರಾಣಿಗೆ ಬಳಸುತ್ತಿದ್ದದ್ದು ಅರಬಿ ಮುದುಕಿ ಕೊಟ್ಟ ಒಂದು ಸಣ್ಣ ಧೂಪಾರತಿ. ಅದರಲ್ಲಿ ಹಿಡಿಯುವುದು ಎರಡೋ ಮೂರೋ ಕೆಂಡ. ಹೊಗೆ ಹಿಡಿದಾದ ಮೇಲೆ ತಕ್ಷಣ ಅದನ್ನು ಅಡುಗೆಮನೆಯ ಬಾಲ್ಕನಿಗೆ ಇಟ್ಟುಬಿಡುತ್ತಿದ್ದಳು. ಇವತ್ತು ಸಿಟ್ಟಿನಲ್ಲಿ ಆ ಪುಟ್ಟ ಧೂಪಾರತಿ ಅವಳ ಕಣ್ಣಿಗೆ ಅವಮಾನದಂತೆ ಕಂಡಿತು. ಹೀಟರು ಇಲ್ಲವೇ? ಇಲ್ಲದಿದ್ದರೆ ಬೇಡ. ಕರೆಂಟು ಬರುವ ಮುಂಚೆ ಊರಿನಲ್ಲಿ ಬಾಣಂತಿಯರು ಬದುಕಿರಲಿಲ್ಲವೇ? ಮೂಲೆಯಲ್ಲಿದ್ದ ಹಳೆಯ ಕಬ್ಬಿಣದ ಬಾಣಲೆ ಎಳೆದು, ಕೆಳಗಿನ ಬಕಾಲಾ ಅಂಗಡಿಯಿಂದ ತಂದ ಇದ್ದಿಲಿನ ಚೀಲದಲ್ಲಿ ಉಳಿದದ್ದನ್ನೆಲ್ಲ ಸುರಿದು ಕೆಂಡ ಮಾಡಿದಳು.

ಎಣ್ಣೆ ತಿಕ್ಕಿದಳು. ಬಾತ್‌ರೂಮಿನಲ್ಲಿ ನೀರೆರೆದಳು. ಮಂಚದ ಪಕ್ಕ ಬಾಣಲೆ ತಂದಿಟ್ಟು, ಸಾಂಬ್ರಾಣಿ ಉದುರಿಸಿ, ಫೆಲ್ಸಿಯ ಕೂದಲನ್ನು ಕೆಂಡಕ್ಕೆ ಕವುಚಿದ ಬುಟ್ಟಿಯ ಮೇಲೆ ಹರಡಿ ಒಣಗಿಸಿದಳು. ಮಗುವನ್ನೂ ಹೊಗೆಯ ಮೇಲೆ ಒಮ್ಮೆ ಆಡಿಸಿ ಸುತ್ತಿ ಮಲಗಿಸಿದಳು. ಬಾಣಂತಿಗೆ ಗಾಳಿ ತಾಗಬಾರದು. ಕೋಣೆಯ ಬಾಗಿಲು ಹಾಕಿದಳು. ದಪ್ಪ ಪರದೆ ಮೊದಲೇ ಎಳೆದಿತ್ತು. ದಿನಾ ಆ ಪರದೆಯ ಅಡಿಯಿಂದ ಗಾಳಿ ನುಗ್ಗಿ ಕಾಲಿಗೆ ಕಚ್ಚುತ್ತಿತ್ತು, ಅಲ್ಯೂಮಿನಿಯಂ ಕಿಟಕಿ ಗಡಗಡ ಎನ್ನುತ್ತಿತ್ತು. ಇವತ್ತು ಸದ್ದಿಲ್ಲ. ಗಾಳಿ ನಿಂತಿದೆ, ಒಳ್ಳೆಯದಾಯಿತು ಎಂದುಕೊಂಡಳು.

ಬಾಣಲೆಯನ್ನು ಬಾಲ್ಕನಿಗೆ ಒಯ್ಯಲಿಲ್ಲ. ಮಂಚದ ಕಾಲಬುಡಕ್ಕೆ ಸರಿಸಿದಳು. ಕೋಣೆ ಬೆಚ್ಚಗಾಯಿತು. ಎಷ್ಟೋ ದಿನದ ಮೇಲೆ ಫೆಲ್ಸಿ ಜಾಕೆಟ್ಟು ತೆಗೆದು ಬದಿಗಿಟ್ಟು, "ಎಷ್ಟು ಹಿತ ಆಗ್ತದೆ ಪಾತಕ್ಕ," ಎಂದು ಹೊದಿಕೆ ಎಳೆದುಕೊಂಡಳು. ನಿದ್ದೆ ಬಂತು. ಮಗುವಿಗೂ ಬಂತು. ಹೊಗೆ ಕಾಣದ ಕೆಂಪು ಕೆಂಡ, ಅದರಲ್ಲಿ ಹೆದರುವಂಥದ್ದು ಏನಿದೆ? ಊರಿನಲ್ಲಿ ಇಂಥ ಕೆಂಡದ ಪಕ್ಕದಲ್ಲೇ ಅವಳ ಅಜ್ಜಿ ಅರ್ಧ ಊರಿನ ಬಾಣಂತಿಯರನ್ನು ಮಲಗಿಸಿದ್ದಳು. ಆದರೆ ಅಲ್ಲಿ ತಲೆಯ ಮೇಲೆ ಹಂಚು, ಹಂಚಿನ ಸಂದಿನಲ್ಲಿ ಆಕಾಶ. ಇಲ್ಲಿ ಕಾಂಕ್ರೀಟು. ಅದನ್ನು ಅವಳು ಆಗ ಯೋಚಿಸಲಿಲ್ಲ.

ನೆಲದ ಚಾಪೆಯಲ್ಲಿ ಕೂತು ಅವಳು ಲಿಗೋರಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಆಮೇಲೆ ಉಮ್ಮರಬ್ಬನಿಗೆ. ಆಮೇಲೆ ಮುಖ ನೋಡದ ಆ ಮಾಲೀಕನಿಗೆ. ತಲೆ ಸಿಡಿಯತೊಡಗಿತು. ಸಿಟ್ಟಿನ ತಲೆನೋವು, ಗೊತ್ತಿರುವುದೇ. ಮೊಣಕಾಲಿನಲ್ಲಿ ಬಲ ಹೋದಂತೆ ಅನಿಸಿತು, ಅದೂ ಗೊತ್ತಿರುವುದೇ. ಹಣೆಯ ಬಟ್ಟೆ ಇನ್ನೂ ಬಿಗಿ ಮಾಡಿದಳು. ಕಣ್ಣು ಎಳೆಯುತ್ತಿತ್ತು. ಒಂದು ಗಳಿಗೆ ಗೋಡೆಗೆ ಒರಗಿ ಕಣ್ಣು ಮುಚ್ಚೋಣವೆನಿಸಿತು.

ಆದರೆ ಡಿಕ್ಕಿಯ ಹೀಟರು ಅವಳನ್ನು ಮಲಗಲು ಬಿಡಲಿಲ್ಲ. ಸಂಜೆಯವರೆಗೆ ಕಾಯುವುದು ಯಾಕೆ, ಈಗಲೇ ಫೋನು ಮಾಡಿ ಉಗಿಯುತ್ತೇನೆ ಎಂದು ಮೊಬೈಲು ತೆಗೆದಳು. ಆ ಕೋಣೆಯಲ್ಲಿ ಸಿಗ್ನಲ್ ಸಿಗುವುದು ಕಿಟಕಿಯ ಹತ್ತಿರ ಮಾತ್ರ. ಗೋಡೆ ಹಿಡಿದು ಎದ್ದು, ಎರಡು ಸಲ ಓಲಾಡಿ, ಕಿಟಕಿಯ ಬಳಿ ಹೋಗಿ ಪರದೆ ಸರಿಸಿದಳು.

ಕಿಟಕಿಯ ನಾಲ್ಕು ಬದಿಗೂ ಕಂದು ಬಣ್ಣದ ಅಗಲ ಟೇಪು. ಗೋದಾಮಿನಲ್ಲಿ ರಟ್ಟಿನ ಡಬ್ಬಗಳಿಗೆ ಹಚ್ಚುತ್ತಾರಲ್ಲ, ಅದೇ. ಒಂದರ ಮೇಲೊಂದು ಮೂರು ಪದರ. ತಿರುಗಿ ಬಾತ್‌ರೂಮು ನೋಡಿದಳು, ನೀರೆರೆಯುವಾಗ ಸಿಟ್ಟಿನಲ್ಲಿ ಕಣ್ಣಿಗೆ ಬೀಳದ್ದು ಈಗ ಕಂಡಿತು. ಎಕ್ಸಾಸ್ಟ್ ಫ್ಯಾನಿನ ತೂತಿಗೆ ರಟ್ಟು, ರಟ್ಟಿಗೂ ಟೇಪು. ಎ.ಸಿ.ಯ ಸಂದಿಗೂ ಟೇಪು. ಶನಿವಾರ ಪಾತಕ್ಕ ಹೋದ ಮೇಲೆ ರಾತ್ರಿಯ ತನಕ ಕೂತು ಮಾಡಿದ ಕೆಲಸ. ಒಳಗಿನ ಬಿಸಿ ಒಂದಿಷ್ಟೂ ಹೊರಗೆ ಹೋಗದಂತೆ ಲಿಗೋರಿ ಮನೆಯನ್ನು ಪ್ಯಾಕ್ ಮಾಡಿಟ್ಟಿದ್ದ.

"ಬಾಣಂತಿಯನ್ನು ಪಾರ್ಸೆಲ್ ಮಾಡಿದ್ದಾನೆ," ಎಂದು ಪಾತಕ್ಕ ಗಟ್ಟಿಯಾಗಿ ಹೇಳಿದಳು.

ಆಗ ಅವಳಿಗೆ ಅಪಾಯ ಹೊಳೆಯಿತೆಂದು ಬರೆದರೆ ಸುಳ್ಳಾಗುತ್ತದೆ. ಹೊಳೆಯಲಿಲ್ಲ. ಬಂದದ್ದು ಬರೀ ಸಿಟ್ಟು, ಅವನು ಮಾಡಿದ್ದನ್ನು ಹಾಳು ಮಾಡಬೇಕೆಂಬ ಸಿಟ್ಟು. ಉಗುರು ಹಾಕಿ ಟೇಪಿನ ತುದಿ ಎಬ್ಬಿಸಿದಳು. ಬರಲಿಲ್ಲ. ಹಲ್ಲು ಹಾಕಿದಳು. ಪರ್ರೆಂದು ಒಂದು ಬದಿ ಕಿತ್ತು ಬಂತು, ಸುಣ್ಣದ ಸಮೇತ. ಇನ್ನೊಂದು ಬದಿ ಕಿತ್ತಳು. ಉಗುರು ಸೀಳಿ ರಕ್ತ ಬಂದದ್ದೂ ತಿಳಿಯಲಿಲ್ಲ. ಕಿಟಕಿಯನ್ನು ಎರಡೂ ಕೈಯಿಂದ ಸರಕ್ಕನೆ ಸರಿಸಿದಾಗ ಸಮುದ್ರದ ಚಳಿಗಾಳಿ ಮುಖಕ್ಕೆ ಬಡಿದು ಒಳಗೆ ನುಗ್ಗಿತು.

"ನೋಡು ಫೆಲ್ಸಿ, ನಿನ್ನ ಗಂಡ ಮಾಡಿದ ಚಂದ ನೋಡು," ಎಂದು ತಿರುಗಿದಳು.

ಫೆಲ್ಸಿ ಅಲ್ಲಾಡಲಿಲ್ಲ. ಪರದೆ ಹಾರಿ ಮಂಚದವರೆಗೆ ಬಂತು. ಗಾಳಿ ಮಗುವಿನ ಮುಖಕ್ಕೆ ಹೊಡೆಯಿತು. ಮಗು ಅಳಲಿಲ್ಲ.

ಸಾಕ್ಸಿನ ದಾರ ಸಡಿಲಾದರೂ ಅಳುವ ಮಗು ಅದು. ಅದರ ಬಾಯಿಂದ ಸದ್ದಿಲ್ಲ.

ಪಾತಕ್ಕನ ಸಿಟ್ಟೆಲ್ಲ ಇಳಿದು ಹೋಗಿ ಆ ಜಾಗದಲ್ಲಿ ಭಯ ತುಂಬಿತು. ಫೆಲ್ಸಿಯ ಕೆನ್ನೆಗೆ ಹೊಡೆದಳು. ಕಣ್ಣು ಅರೆತೆರೆದು ಮತ್ತೆ ಮುಚ್ಚಿತು. ಮಗುವನ್ನು ಎತ್ತಿಕೊಂಡು ಸುತ್ತಿದ ಬಟ್ಟೆಯನ್ನೆಲ್ಲ ಕಿತ್ತೆಸೆದಳು. ನಲವತ್ತು ದಿನ ಗಾಳಿ ಸೋಕಬಾರದ ಮಗುವನ್ನು, ತನ್ನ ಕೈಯಿಂದಲೇ, ತೆರೆದ ಕಿಟಕಿಗೆ, ಜನವರಿಯ ಗಾಳಿಗೆ ಹಿಡಿದಳು. ಪಾದಕ್ಕೆ ಬೆರಳಿಂದ ಹೊಡೆದಳು. ಅಲ್ಲಾಹುವನ್ನೂ ಫೆಲ್ಸಿಯ ಮೇರಿ ಮಾತೆಯನ್ನೂ ಒಂದೇ ಉಸಿರಿನಲ್ಲಿ ಕರೆದಳು. ಮತ್ತೆ ಹೊಡೆದಳು. ಮಗು ಮುಖ ಗಂಟು ಹಾಕಿತು, ಬಾಯಿ ತೆರೆಯಿತು, ಒಂದಿಷ್ಟು ಹೊತ್ತು ಸದ್ದಿಲ್ಲದೆ ತೆರೆದೇ ಇತ್ತು. ಆಮೇಲೆ ಅತ್ತಿತು.

ಅಳುವ ಮಗುವನ್ನು ಕಂಕುಳಲ್ಲಿ ಹಿಡಿದು, ಒಂದೇ ಕೈಯಲ್ಲಿ ಫೆಲ್ಸಿಯನ್ನು ಮಂಚದಿಂದ ಎಳೆದು ನೆಲಕ್ಕೆ ಕೆಡವಿ, ಫ್ಲ್ಯಾಟಿನ ಹೊರಬಾಗಿಲ ತನಕ ಎಳೆದಳು. ಬಾಗಿಲು ತೆರೆದು ಕೂಗಿದಳು. ಎದುರು ಫ್ಲ್ಯಾಟಿನ ರೋಶ್ನಿ ಓಡಿ ಬಂದು ಆಂಬ್ಯುಲೆನ್ಸಿಗೆ ಫೋನು ಮಾಡಿದಳು. ಕಾರಿಡಾರಿನಲ್ಲಿ ಫೆಲ್ಸಿ ವಾಂತಿ ಮಾಡಿ, "ಅಮ್ಮಾ," ಎಂದಾಗ ಪಾತಕ್ಕ ಗೋಡೆಗೆ ಒರಗಿ ಕುಸಿದಳು.

ಮೂವರಿಗೂ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಬರುವ ವಿಷಗಾಳಿ, ಅದಕ್ಕೆ ಹೊಗೆಯೂ ಇಲ್ಲ, ವಾಸನೆಯೂ ಇಲ್ಲ, ಮೊದಲು ತಲೆನೋವು, ಆಮೇಲೆ ನಿದ್ದೆ ಎಂದು ಮಲಯಾಳಿ ನರ್ಸು ಹೇಳಿದಳು. ಪ್ರತಿ ಚಳಿಗಾಲದಲ್ಲೂ ಇಂಥವರು ಬರುತ್ತಾರೆ, ಎಲ್ಲರೂ ತಿರುಗಿ ಹೋಗುವುದಿಲ್ಲ ಎಂದಳು. ಪಾತಕ್ಕ ಆಕ್ಸಿಜನ್ ಮಾಸ್ಕಿನಲ್ಲೇ ಕಣ್ಣು ಮುಚ್ಚಿಕೊಂಡಳು. ಮೊದಲು ತಲೆನೋವು, ಆಮೇಲೆ ನಿದ್ದೆ. ಎರಡನ್ನೂ ಅವಳು ನೋಡಿದ್ದಳು. ಒಂದನ್ನು ತನ್ನ ಸಿಟ್ಟೆಂದುಕೊಂಡಿದ್ದಳು, ಇನ್ನೊಂದನ್ನು ತನ್ನ ಕೈಗುಣವೆಂದುಕೊಂಡಿದ್ದಳು.

ಎರಡು ದಿನ ಕಳೆದು ತಾಯಿ ಮಗು ಮನೆಗೆ ಬಂದರು. ಆ ಸಂಜೆ ಉಮ್ಮರಬ್ಬ ಬಂದ. ಒಳ್ಳೆಯ ಉಣ್ಣೆ ಕೋಟು, ಕೈಯಲ್ಲಿ ಎರಡು ಮೊಬೈಲು. ಅವತ್ತು ಮುದುಕಿಯ ಹತ್ತಿರ ರಜೆ ಕೇಳಿ ಬಂದಿದ್ದ ಪಾತಕ್ಕ ಅಡುಗೆಮನೆಯಲ್ಲಿ ಗಂಜಿ ಕಲಕುತ್ತಿದ್ದಳು.

"ಲಿಗೋರಿ, ಆಫೀಸಿಂದ ಹೇಳಿದ್ದಾರೆ," ಎಂದ. "ಬಿಲ್ಡಿಂಗಿನಲ್ಲಿ ಇದ್ದಿಲು ಹಚ್ಚಬಾರ್ದು. ಹಚ್ಚಿದ ಹೆಂಗಸು ಇನ್ನು ಇಲ್ಲಿಗೆ ಬರ್ಬಾರ್ದು. ಬಂದ್ರೆ ಫ್ಲ್ಯಾಟ್ ಖಾಲಿ ಮಾಡ್ಬೇಕಾಗ್ತದೆ."

ಲಿಗೋರಿ ನೆಲ ನೋಡಿದ. ಎರಡು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಅತ್ತ ಮನುಷ್ಯ ಅವನು, ಅದನ್ನು ಇಲ್ಲ ಎನ್ನಲಾಗದು. ಆದರೆ ಈಗ ಅವನ ಬಾಯಿಂದ ಬಂದದ್ದು ಬೇರೆ. "ಹೌದು ಸರ್, ಕೆಂಡ ಅವರೇ ಇಟ್ಟದ್ದು. ನಂಗೆ ಗೊತ್ತೇ ಇರ್ಲಿಲ್ಲ," ಎಂದ.

ಪಾತಕ್ಕ ಸೌಟು ಹಿಡಿದೇ ಹೊರಗೆ ಬಂದಳು. ಆದರೆ ಅವಳು ಬಾಯಿ ತೆರೆಯುವ ಮೊದಲೇ ಒಳಗಿನ ಕೋಣೆಯಿಂದ ಫೆಲ್ಸಿಯ ದನಿ ಬಂತು. ಗೋಡೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

"ಹೀಟರ್ ಎಲ್ಲಿತ್ತು, ಅದನ್ನೂ ಹೇಳಿ," ಎಂದಳು ಗಂಡನಿಗೆ.

"ಫೆಲ್ಸಿ, ನೀನು ಮಲಗು."

"ಎಲ್ಲಿತ್ತು?"

ಲಿಗೋರಿ ಒಮ್ಮೆ ಉಮ್ಮರಬ್ಬನ ಕಡೆ ನೋಡಿದ. "ಡಿಕ್ಕಿಯಲ್ಲಿ," ಎಂದ.

"ಈಗ ಎಲ್ಲಿ ಉಂಟು?"

ಕಾರಿನ ಕೀ ಮೇಜಿನ ಮೇಲಿತ್ತು. ಅವನು ಅದನ್ನು ತೆಗೆದುಕೊಂಡು ಕೆಳಗೆ ಹೋದ.

ಪಾತಕ್ಕ ಉಮ್ಮರಬ್ಬನ ಎದುರು ನಿಂತಳು. ದನಿ ಏರಿಸಲಿಲ್ಲ. ಅವಳನ್ನು ಬಲ್ಲವರಿಗೆ ಅದೇ ಹೆಚ್ಚು ಹೆದರಿಕೆ.

"ಕೆಂಡ ಇಟ್ಟದ್ದು ನಾನೇ. ಅದು ನನ್ನ ತಪ್ಪು, ಖಬರಿಗೆ ಹೋಗುವ ತನಕ ನಾನು ಹೊರ್ತೇನೆ. ನಿನ್ನ ಹೆಂಡತಿಯ ಬಾಣಂತನ ಯಾರು ಮಾಡಿದ್ದು ಉಮ್ಮರಬ್ಬ?"

"ನೀವೇ ಪಾತಕ್ಕ," ಎಂದ ಅವನು.

"ಹಿಂದಿನ ಚಳಿಗಾಲದ ಡಿಸೆಂಬರ್‌ನಲ್ಲಿ. ಬೆಳಗ್ಗಿಂದ ಮಧ್ಯಾಹ್ನದ ತನಕ ಗೀಸರ್ ಉರೀತಿತ್ತು ನಿನ್ನ ಮನೇಲಿ, ಹೀಟರ್ ಎರಡೆರಡು. ಆಗ ಬಾಡಿಗೆಯಲ್ಲೇ ಕರೆಂಟು. ನಿನ್ನ ಹೆಂಡತಿಗೆ ಕೆಂಡ ಬೇಕಾಗ್ಲಿಲ್ಲ. ಇವಳಿಗೆ ಯಾಕೆ ಬೇಕಾಯ್ತು, ಅದನ್ನು ನಿನ್ನ ಆಫೀಸಿನಲ್ಲಿ ಹೇಳು. ಹೇಳಿ ಬಂದ ಮೇಲೆ ನನ್ನನ್ನು ಹೊರಗೆ ಹಾಕು."

ಉಮ್ಮರಬ್ಬ ಒಂದು ಮೊಬೈಲು ನೋಡಿದ, ಇನ್ನೊಂದು ನೋಡಿದ. ಯಾವುದೂ ರಿಂಗಾಗಲಿಲ್ಲ. ನಾನು ಕೆಲಸದವನಲ್ಲವೇ ಪಾತಕ್ಕ ಎಂದು ಮೆಲ್ಲನೆ ಹೇಳಿ ಹೋದ. ಆಫೀಸಿನಲ್ಲಿ ಅವನು ಏನು ಹೇಳಿದನೋ ಗೊತ್ತಿಲ್ಲ. ಮೀಟರು ಅಲ್ಲೇ ಇದೆ, ದರವೂ ಇಳಿಯಲಿಲ್ಲ. ಪಾತಕ್ಕ ಮಾರನೆಯ ದಿನ ಬಂದಾಗ ಮಾತ್ರ ಯಾರೂ ತಡೆಯಲಿಲ್ಲ.

ಮೂಲೆಯಲ್ಲಿ ಹೀಟರು ಉರಿಯುತ್ತಿತ್ತು, ಬಾತ್‌ರೂಮಿನಲ್ಲಿ ಗೀಸರಿನ ಕೆಂಪು ದೀಪ. ಲಿಗೋರಿ ಟೇಪನ್ನೆಲ್ಲ ಕಿತ್ತು ಕಸದ ಚೀಲಕ್ಕೆ ತುಂಬಿದ್ದ. ಪಾತಕ್ಕ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಟ್ಟಳು. ಕೆಂಡ ಮಾಡಲಿಲ್ಲ, ಸಾಂಬ್ರಾಣಿ ಹಾಕಲಿಲ್ಲ, ಕೂದಲನ್ನು ಬಟ್ಟೆಯಿಂದಲೇ ಒರೆಸಿದಳು. ಎಣ್ಣೆ, ನೀರು, ಹೊದಿಕೆ. ಫೆಲ್ಸಿಗೆ ನಿದ್ದೆ ಬಂತು. ಮಗುವಿಗೂ ಬಂತು.

ಪಾತಕ್ಕ ಚಾಪೆಯಲ್ಲಿ ಕೂತಳು. ಎಲೆಯಡಿಕೆಯ ಚೀಲ ಬಿಚ್ಚಿ ಹಾಗೇ ಕಟ್ಟಿದಳು. ಎದ್ದು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಕೂತಳು. ಮತ್ತೆ ಎದ್ದಳು.

"ಫೆಲ್ಸಿ. ಫೆಲ್ಸಿ, ಏಳು."

ಫೆಲ್ಸಿ ಬೆಚ್ಚಿ ಕಣ್ಣು ಬಿಟ್ಟಳು. "ಎಂತ ಪಾತಕ್ಕ? ಎಂತಾಯ್ತು?"

"ಏನಿಲ್ಲ. ಮಲಗು."

ಅವಳು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದಳು. ಒಳ್ಳೆಯ ನಿದ್ದೆ, ಅಜ್ಜಿ ಹೇಳುತ್ತಿದ್ದಂಥದ್ದೇ. ಆ ನಿದ್ದೆಯನ್ನು ನೋಡುತ್ತಾ ಕೂರುವ ಸುಖವೊಂದು ಪಾತಕ್ಕನಿಗೆ ಇತ್ತು, ಅದನ್ನೂ ಕಸಿದುಕೊಂಡರು. ಯಾರು ಎಂದು ಕೇಳಿದರೆ ಮಾಲೀಕ ಎನ್ನುವಳು, ಲಿಗೋರಿ ಎನ್ನುವಳು, ಆಮೇಲೆ ಸುಮ್ಮನಾಗುವಳು. ಸ್ವಲ್ಪ ಹೊತ್ತು ಗೋಡೆ ನೋಡಿದಳು. ಆಮೇಲೆ ಕೈ ಚಾಚಿ ಫೆಲ್ಸಿಯ ಭುಜ ಅಲ್ಲಾಡಿಸಿದಳು.

"ಫೆಲ್ಸಿ, ಏಳು."